ಗೋಡೆಯ ಮೇಲಿನ ನಲವತ್ತೊಂದು ನಂಬರು

ಬೇಗೂರಿನಲ್ಲಿ ಬೆಳಗಿನ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದೆನೆಂದರೆ ಗುಂಡ್ಲುಪೇಟೆ ಬರುವವರೆಗೂ ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕೂತವರು ನೆಂಟರಾದರೂ ಅಷ್ಟೆ. ಫೋನ್ ತೆಗೆದು ಒಂದು ತಾಣ ಓದುತ್ತಿದ್ದೆ. ಲೋಕದ ಪ್ರೋಗ್ರಾಮರುಗಳೆಲ್ಲ ಸೇರುವ ಹರಟೆಕಟ್ಟೆ ಅದು. ಯಾರೋ ಒಂದು ತಂತ್ರಜ್ಞಾನದ ಸುದ್ದಿಯ ಲಿಂಕ್ ತಂದು ಹಾಕುತ್ತಾರೆ, ಹಿಡಿಸಿದವರು ಒಂದೊಂದು ಅಂಕ ಕೊಡುತ್ತಾರೆ, ಅಂಕ ಹೆಚ್ಚಾದದ್ದು ಮೊದಲ ಪುಟಕ್ಕೆ ಏರುತ್ತದೆ, ಅದರ ಕೆಳಗೆ ಜಗಳ ಶುರುವಾಗುತ್ತದೆ. ಹಳೇ ಡೇಟಾಬೇಸನ್ನು ಹೊಸ ಭಾಷೆಯಲ್ಲಿ ತಿದ್ದಿ ಬರೆದವನು, ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದ ದೋಷ ಹಿಡಿದವಳು, ತನ್ನ ಕೀಬೋರ್ಡನ್ನು ತಾನೇ ಮರದಲ್ಲಿ ಕೆತ್ತಿಕೊಂಡವನು, ಇನ್ನು ಕೋಡೆಲ್ಲ ಎಐ ಬರೆಯುತ್ತದೆ ಅನ್ನುವವರು, ಬರೆದರೂ ಅದನ್ನು ರಿಪೇರಿ ಮಾಡಲು ನಾವೇ ಬೇಕು ಅನ್ನುವವರು. ಒಂಬತ್ತು ವರ್ಷ ನಾನು ಇದನ್ನು ತಪ್ಪದೆ ಓದಿದ್ದೇನೆ. ಮನೆದೇವರಿಗೆ ಅಷ್ಟು ನೇಮದಿಂದ ದೀಪ ಹಚ್ಚಿಲ್ಲ.

ಕೆಲಸ ಅಂದರೆ ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು. ಮೌಸ್ ಕೆಟ್ಟರೆ ನಾನು, ಪ್ರಿಂಟರ್ ಕಾಗದ ನುಂಗಿದರೆ ನಾನು. ಬೆಳಿಗ್ಗೆ ಓದಿದ ಸುದ್ದಿಗಳಲ್ಲಿ ನಾಲ್ಕೈದನ್ನು ಕನ್ನಡದಲ್ಲಿ ಬರೆದು ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಅವರ ಎದುರು ನಾನು ದೊಡ್ಡ ಮನುಷ್ಯ. ಆದರೆ ಆ ತಾಣದಲ್ಲಿ ಒಂಬತ್ತು ವರ್ಷದಲ್ಲಿ ನಾನು ಬರೆದದ್ದು ಎರಡೇ ಟಿಪ್ಪಣಿ. ಎರಡಕ್ಕೂ ಒಂದು ಅಂಕವೂ ಬರಲಿಲ್ಲ. ಹಾಗಂತ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಆ ಮೊದಲ ಪುಟದಲ್ಲಿ ಒಂದೇ ಒಂದು ದಿನ ನನ್ನದೂ ಏನಾದರೂ ಇರಬೇಕು ಅನ್ನುವ ಚಪಲ ಒಳಗೇ ಬೆಳೆಯಿತು. ಮುಂದಿನದಕ್ಕೆಲ್ಲ ಆ ಚಪಲವೇ ಮೂಲ, ಬೇರೆ ಯಾರನ್ನೂ ದೂರುವಂತಿಲ್ಲ.

ನಮ್ಮೂರು ಬೇಗೂರಿನ ಆಚೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅರಿಶಿನ, ಬಾಳೆ, ಸಣ್ಣ ಈರುಳ್ಳಿ, ಒಂದಷ್ಟು ಚೆಂಡುಹೂವು. ಎಲ್ಲವೂ ಬೋರ್‌ವೆಲ್ ನೀರಿನ ಮೇಲೆ, ಬೋರ್‌ವೆಲ್ ತ್ರೀ ಫೇಸ್ ಕರೆಂಟಿನ ಮೇಲೆ. ತ್ರೀ ಫೇಸ್ ಯಾವಾಗ ಬರುತ್ತದೆಂದು ಪಟ್ಟಿಯಲ್ಲಿ ಬರೆದಿರುತ್ತಾರೆ, ಅದು ಪಟ್ಟಿ ನೋಡಿಕೊಂಡು ಬರುವುದಿಲ್ಲ. ಅದು ಬಂದಿತೆಂದು ಊರಿಗೆ ತಿಳಿಸುತ್ತಿದ್ದವಳು ನನ್ನ ದೊಡ್ಡವ್ವ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅವಳ ಚಿಲ್ಲರೆ ಅಂಗಡಿಯ ಎದುರಿಗೇ ನೀರಿನ ತೊಂಬೆ. ಅದರ ಮೋಟರಿನ ಪೆಟ್ಟಿಗೆಯ ಮೇಲೆ ಕೆಂಪು, ಹಳದಿ, ನೀಲಿ ಮೂರು ದೀಪ. ಮೂರೂ ಹತ್ತಿದವೆಂದರೆ ತ್ರೀ ಫೇಸ್ ಬಂತು. ದೊಡ್ಡವ್ವ ಎಲೆಯಡಿಕೆ ಚೀಲ ಪಕ್ಕಕ್ಕಿಟ್ಟು ಕೀಪ್ಯಾಡ್ ಫೋನ್ ತೆಗೆದು ಒಬ್ಬೊಬ್ಬರಿಗೂ ಮಿಸ್ಡ್ ಕಾಲ್ ಕೊಡುವಳು. ಒಂದು ರಿಂಗು, ಕಟ್. ಮತ್ತೊಬ್ಬರಿಗೆ ಒಂದು ರಿಂಗು, ಕಟ್. ನಲವತ್ತೊಂದು ಜನ.

ಮಾತಾಡಿದರೂ ದುಡ್ಡು ಹೋಗದ ಕಾಲ ಬಂದ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ಅವಳ ಕರೆಯನ್ನು ಎತ್ತುವ ಹಾಗಿರಲಿಲ್ಲ. ಯಾರಾದರೂ ಮರೆತು ಎತ್ತಿದರೆ, "ಮಡಗ್ಲಾ ಫೋನ, ಮುಂದ್ಲವ್ರಿಗೆ ತಡ ಆಯ್ತದ," ಎಂದು ಗದರುವಳು. ಹೊಲದಲ್ಲಿರುವವರೂ ಅಷ್ಟೆ, ಫೋನ್ ಜೇಬಿನಿಂದ ತೆಗೆದು ಯಾರ ನಂಬರೆಂದು ನೋಡುತ್ತಿರಲಿಲ್ಲ. ಕೈಯೆಲ್ಲ ಕೆಸರಾಗಿರುತ್ತದೆ, ನೋಡುವುದೇನು? ಒಂದು ರಿಂಗಾಗಿ ನಿಂತಿತೋ, ಕರೆಂಟು ಬಂತು, ಮೋಟರ್ ಹತ್ತಿರ ನಡೆ. ಇದಕ್ಕೆ ದೊಡ್ಡವ್ವ ಯಾರಿಂದಲೂ ಏನನ್ನೂ ಕೇಳಿದವಳಲ್ಲ. ಬಾಳೆಗೊನೆ ಇಳಿಸಿದವರು ಒಂದು ಚಿಪ್ಪು ಇಟ್ಟು ಹೋಗುವರು, ಈರುಳ್ಳಿ ಕಿತ್ತವರು ಒಂದು ಮಡಿಲು.

ಅವಳಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಅದಕ್ಕೇ ಅಂಗಡಿಯ ಒಳಗೋಡೆಯ ಮೇಲೆ ಇದ್ದಿಲಿನಲ್ಲಿ ನಂಬರುಗಳನ್ನು ಬರೆದು, ಹೆಸರಿನ ಬದಲು ಒಂದೊಂದು ಚಿತ್ರ ಹಾಕಿದ್ದಳು. ಮನೆ ಮುಂದೆ ಹುಣಿಸೆಮರ ಇದ್ದವರಿಗೆ ಮೂರು ಹುಣಿಸೆಕಾಯಿ. ಮೊದಲು ಟ್ರ್ಯಾಕ್ಟರ್ ತಂದವರಿಗೆ ಒಂದು ದೊಡ್ಡ ಚಕ್ರ, ಒಂದು ಸಣ್ಣ ಚಕ್ರ. ಸದಾ ಜಗಳವಾಡುವ ಅಣ್ಣತಮ್ಮಂದಿರಿಗೆ ಬೆನ್ನು ತಿರುಗಿಸಿ ನಿಂತ ಎರಡು ಎತ್ತು. ನಮ್ಮದೂ ಒಂದೂವರೆ ಎಕರೆ ಅರಿಶಿನ ಇದ್ದುದರಿಂದ ನನ್ನ ನಂಬರೂ ಅಲ್ಲಿತ್ತು, ಪಕ್ಕದಲ್ಲಿ ಕನ್ನಡಕ. ನಾನು ಹುಟ್ಟಿದಾಗಿನಿಂದ ನೋಡಿದ ಅಂಗಡಿ ಅದು. ಆದರೂ ಒಂದು ಭಾನುವಾರ ಆ ಗೋಡೆಯನ್ನು ನೋಡಿದಾಗ ನನಗೆ ಕಂಡದ್ದು ದೊಡ್ಡವ್ವನ ಗೋಡೆಯಲ್ಲ, ಮೊದಲ ಪುಟ.

ಫೋನ್ ಎತ್ತಿ ಹಿಡಿದಾಗ ಅವಳು ಕೇಳಿದಳು, "ಯಾಕ್ ಮಗ, ಗ್ವಾಡೆ ಫೋಟ ತಗಿಯಕ್ಕೆ ನಿಂತಿದ್ದೈ?"

"ಚೆಂದಾಗದ ದೊಡ್ಡವ್ವ, ಅದ್ಕೆ."

"ತಡಿ ತಡಿ, ಧೂಳಾಗದ," ಎಂದು ಸೆರಗಿನ ತುದಿಯಿಂದ ಗೋಡೆಯನ್ನು ಮೆಲ್ಲಗೆ ಒರೆಸಿದಳು. ಎರಡು ನಂಬರು ಮಾಸಿದ್ದವು. ಅವನ್ನು ಇದ್ದಿಲಿನಿಂದ ಮತ್ತೆ ತಿದ್ದಿ ಕಪ್ಪು ಮಾಡಿ ಕೊಟ್ಟಳು. ನನ್ನ ಫೋಟೋ ಸ್ಪಷ್ಟವಾಗಿ ಬರಲಿ ಅಂತ.

ಅವತ್ತೇ ಇಂಗ್ಲಿಷಿನಲ್ಲಿ ಬರೆದು, ಫೋಟೋ ಸೇರಿಸಿ ಆ ತಾಣಕ್ಕೆ ಹಾಕಿದೆ. ನಮ್ಮೂರು ಒಂದು ಸಾಲು ಸಾಫ್ಟ್‌ವೇರ್ ಇಲ್ಲದೆ ನಲವತ್ತೊಂದು ಫೋನಿನ ನೆಟ್‌ವರ್ಕ್ ನಡೆಸುತ್ತದೆ ಎಂದು ತಲೆಬರಹ. ಅನಕ್ಷರಸ್ಥೆ ಮುದುಕಿಯೊಬ್ಬಳೇ ನಮ್ಮ ಸರ್ವರು, ಅದು ಓಡುವುದು ಎಲೆಯಡಿಕೆಯ ಮೇಲೆ, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಡೌನ್ ಇರುತ್ತದೆ ಎಂದೆಲ್ಲ ತಮಾಷೆ ಮಾಡಿದೆ. ದೊಡ್ಡವ್ವ ಎಂಬ ಮಾತನ್ನು ಎಲ್ಲೂ ಬರೆಯಲಿಲ್ಲ. ನಮ್ಮವಳು ಅಂದರೆ ತಮಾಷೆ ಕಡಿಮೆಯಾಗುತ್ತಿತ್ತು. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಆ ವಾರದ ಕೊನೆಗೆ ಹೆಂಡತಿ ಮಕ್ಕಳೊಂದಿಗೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಮೇಲಕ್ಕೆ ಹತ್ತುವ ಬಸ್ಸಿನಲ್ಲಿ ಕೂತು ನೋಡುತ್ತೇನೆ, ನನ್ನ ಬರಹ ಮೊದಲ ಪುಟದಲ್ಲಿ, ನಾಲ್ಕನೆಯದು! ಮೇಲೆ ಮಂಜು, ನೆಟ್‌ವರ್ಕ್ ಬರುತ್ತದೆ ಹೋಗುತ್ತದೆ. ಎಲ್ಲರೂ ದೇವರ ಕಡೆ ಮುಖ ಮಾಡಿ ನಿಂತಿದ್ದರೆ ನಾನು ಸಿಗ್ನಲ್ ಇರುವ ಮೂಲೆ ಹುಡುಕುತ್ತಿದ್ದೆ. "ದೇವ್ರ್ ಮುಂದೂ ಅದ್ನೇ ತಿಕ್ತಾ ನಿಂತ್ಕೊಂಡಿದ್ದೀರಲ್ಲ, ನಾಚ್ಕೆ ಆಗಲ್ವಾ?" ಅಂದಳು ಹೆಂಡತಿ. ಆಗಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡುಹಗಲಲ್ಲಿ, ದೇವರ ಬಾಗಿಲಲ್ಲಿ ಹಿಡಿದೆ.

ಟಿಪ್ಪಣಿಗಳಲ್ಲಿ ಮೂರನೆಯದು ಒಂದೇ ಸಾಲು. ಚಿತ್ರದಲ್ಲಿರುವುದು ನಿಜವಾದ ಜನರ ನಂಬರುಗಳಲ್ಲವೇ, ದಯವಿಟ್ಟು ಮಸುಕು ಮಾಡಿ ಎಂದು ಯಾರೋ ಬರೆದಿದ್ದರು. ನಾನು ಅದನ್ನು ಓದಿದೆ. ನೋಡಲಿಲ್ಲ, ಗೊತ್ತಾಗಲಿಲ್ಲ ಎಂದು ಹೇಳುವ ಅವಕಾಶವೇ ನನಗಿಲ್ಲ. ಅವು ಹಳ್ಳಿಯ ಕೀಪ್ಯಾಡ್ ಫೋನುಗಳು, ಅವಕ್ಕೆ ಯಾರು ಕರೆ ಮಾಡುತ್ತಾರೆ ಎಂದು ಉತ್ತರ ಕೊಟ್ಟೆ. ಜನ ಮೆಚ್ಚಿದ್ದೇ ಅಂಕಿಯ ಪಕ್ಕದ ಆ ಚಿತ್ರಗಳನ್ನು. ಮಸುಕು ಮಾಡಿದರೆ ಅಂಕ ಇಳಿದೀತು ಅನ್ನುವುದು ನಿಜವಾದ ಕಾರಣ.

ಕರೆ ಮಾಡಿದರು. ಕೆಟ್ಟ ಜನರಲ್ಲ, ಪ್ರೀತಿಯಿಂದಲೇ ಮಾಡಿದರು. ದೂರದ ಯಾವುದೋ ಊರಿನವನೊಬ್ಬ ಎರಡು ಎತ್ತುಗಳಿಗೆ ಒಂದು ಮಿಸ್ಡ್ ಕಾಲ್ ಕೊಟ್ಟೆ, ರಿಂಗಾಯಿತು ಎಂದು ಖುಷಿಯಾಗಿ ಬರೆದ. ಇನ್ನೊಬ್ಬಳು ಹುಣಿಸೆಕಾಯಿಗೆ ಕೊಟ್ಟಳು. ಆಟ ಶುರುವಾಯಿತು. ಒಂದು ರಿಂಗು, ಕಟ್. ಪದ್ಧತಿಯನ್ನು ಅಷ್ಟು ಚೆನ್ನಾಗಿ ವಿವರಿಸಿದ್ದೆ ನಾನು. ಮೂರನೇ ದಿನ ಹೆದರಿಕೆಯಾಗಿ ಚಿತ್ರ ತೆಗೆದುಹಾಕಿದೆ, ಅಷ್ಟರಲ್ಲಿ ಅದರ ಪ್ರತಿಗಳು ಬೇರೆ ಬೇರೆ ಕಡೆ ಹೋಗಿಬಿಟ್ಟಿದ್ದವು.

ಇತ್ತ ಊರಿನಲ್ಲಿ, ಕಳೆ ಕೀಳುತ್ತಿದ್ದವರು ರಿಂಗಾಯಿತೆಂದು ಎದ್ದು, ಬದುವಿನ ಮೇಲೆ ಅರ್ಧ ಮೈಲಿ ನಡೆದು ಮೋಟರ್ ಮನೆಗೆ ಹೋದರೆ ಕರೆಂಟಿಲ್ಲ. ವಾಪಸು ಬಂದು ಬಗ್ಗಿದರೆ ಮತ್ತೆ ರಿಂಗು. ಮೊದಲು ನಕ್ಕರು. "ಏನ್ ದೊಡ್ಡವ್ವ, ದೀಪ ಎಣ್ಸಕ್ಕೆ ಬರಲ್ವಾ?" ಎಂದು ಕಿಚಾಯಿಸಿದರು. ಒಂದು ರಿಂಗು ಅಂದರೆ ಅವಳದೇ, ಬಂದ ನಂಬರು ತೆಗೆದು ನೋಡಲು ಯಾರಿಗೂ ತೋಚಲಿಲ್ಲ. ಆಮೇಲೆ ಕಾಲು ನೋವಿನವರೊಬ್ಬರು ಅಂಗಡಿಗೇ ಬಂದು ಕೂಗಾಡಿದರು. ಆಮೇಲೆ ಯಾರೂ ಅವಳ ರಿಂಗನ್ನು ನಂಬಲಿಲ್ಲ. ಒಂದು ದಿನ ನಿಜವಾಗಿ ಕರೆಂಟು ಬಂದು ಮೂರು ಗಂಟೆ ಇದ್ದು ಹೋಯಿತು. ಅವಳು ನಲವತ್ತೊಂದು ಜನಕ್ಕೂ ರಿಂಗು ಕೊಟ್ಟಳು, ಮೋಟರ್ ಹಾಕಿದವರು ಆರೇಳು ಜನ. ಅದಕ್ಕೂ ಅವಳೇ ಬೈಸಿಕೊಂಡಳು. ಅರವತ್ತಕ್ಕೆ ಅರಳುಮರಳು ಅಂತಾರೆ, ಇವ್ಳಿಗೆ ಎಪ್ಪತ್ತಾಯ್ತಲ್ಲ ಎಂದು ತೊಂಬೆ ಹತ್ತಿರ ಜನ ಆಡಿಕೊಂಡರು. ಆ ಮಾತು ಆಡುವಾಗ ನಾನೂ ಅಲ್ಲಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಹೆಗಲು ಮುಟ್ಟಿಕೊಳ್ಳದಷ್ಟು ಜಾಣನಾಗಿದ್ದೆ, ಬಿಂದಿಗೆ ಎತ್ತಿಕೊಂಡು ಮನೆಗೆ ಬಂದೆ.

ಮುಂದಿನ ಭಾನುವಾರ ಅಂಗಡಿಗೆ ಹೋದಾಗ ದೊಡ್ಡವ್ವನ ಮುಂದೆ ಎರಡು ತಟ್ಟೆ ಇದ್ದವು, ಒಂದರಲ್ಲಿ ಹುಣಿಸೆಬೀಜ. ಒಂದು ಮಿಸ್ಡ್ ಕಾಲ್ ಕೊಟ್ಟರೆ ಒಂದು ಬೀಜ ಈ ತಟ್ಟೆಯಿಂದ ಆ ತಟ್ಟೆಗೆ. ತಾನು ಎಷ್ಟು ಸಲ ಕರೆ ಮಾಡಿದೆ, ಯಾವಾಗ ಮಾಡಿದೆ ಎಂದು ತನ್ನನ್ನೇ ತಾನು ಕಾಯುತ್ತಿದ್ದಳು. ಅಂಗಡಿಗೆ ಮಗು ಬಂದು ಚಾಕಲೇಟು ಕೇಳಿದರೂ ಮೊದಲು ಬೀಜ ನೋಡಿ ಆಮೇಲೆ ಏಳುತ್ತಿದ್ದಳು.

"ಇವತ್ತು ಒಂದ್ ಬೀಜಾನೂ ಆಚ್ಗೆ ಓಗಿಲ್ಲ ಮಗ," ಅಂದಳು. "ಆದ್ರೂ ಅವ್ರು ರಿಂಗ್ ಬಂತು ಅಂತಾರೆ. ಅವ್ರ್ಯಾಕೆ ಸುಳ್ಳ್ ಏಳಾರು? ನಾನೇ ಕೊಟ್ಟು ಮರ್ತಿದ್ದೀನಾ?" ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದಳು, "ನೀ ಓದ್ದವ್ನು. ಬುದ್ಧಿ ಓಯ್ತಾ ಅದ ಅನ್ನದು, ಓಯ್ತಾ ಇರವ್ರಿಗೆ ಗೊತ್ತಾಯ್ತದಾ?"

ಆ ಹೊತ್ತಿನಲ್ಲಿ ಹೇಳಬಹುದಿತ್ತು. ಅಂಗಡಿಯಲ್ಲಿ ನಾವಿಬ್ಬರೇ. ಹಿಂದೆ ಗೋಡೆ ಇತ್ತು, ಕೈ ತೋರಿಸಿ ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇಷ್ಟು: "ವಯಸ್ಸಾಯ್ತಲ್ಲ ದೊಡ್ಡವ್ವ, ಎಲ್ಲಾರ್ಗೂ ಆಯ್ತದ."

ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇದಕ್ಕಿಂತ ಹೇಸಿಗೆಯದು ಇನ್ನೊಂದಿಲ್ಲ. ಅವಳು "ಊಂ" ಎಂದಳು. ಬೀಜಗಳನ್ನೆಲ್ಲ ಒಂದೇ ತಟ್ಟೆಗೆ ಸುರಿದಳು.

ಮಾರನೆಯ ವಾರ ಅವಳು ಗೋಡೆಗೆ ಸುಣ್ಣ ಬಳಿದಿದ್ದಳು. ಎತ್ತು, ಚಕ್ರ, ಹುಣಿಸೆಕಾಯಿ, ಒಂದೂ ಇರಲಿಲ್ಲ. ಫೋನನ್ನು ಅಕ್ಕಿ ಡಬ್ಬಕ್ಕೆ ಹಾಕಿ ಮುಚ್ಚಿದ್ದಾಳೆ, ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅವಳ ಮಗ ನನಗೆ ಹೇಳಿದ. ಅವನು ನನಗೆ ಅಣ್ಣನಾಗಬೇಕು. ಬಾಳೆ ಲೋಡು ಮಾಡಲು ಕೇರಳದ ಲಾರಿ ಬರುವುದಿತ್ತಾದ್ದರಿಂದ ಅವನು ಹೊರಡುವಂತಿರಲಿಲ್ಲ. "ಚಾಮ್ರಾಜ್‌ನಗರಕ್ಕೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸ್‌ಬುಡಪ್ಪ, ನೀನಾದ್ರೆ ಇಂಗ್ಲಿಷಲ್ಲಿ ಕೇಳ್ತೀಯ," ಅಂದ. ಒಪ್ಪಿಕೊಂಡೆ. ಒಪ್ಪದೆ ಇನ್ನೇನು ಮಾಡಲಿ?

ಬೇಗೂರಿನಿಂದ ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರದ ಬಸ್ಸು. ದಾರಿಯುದ್ದಕ್ಕೂ ಅವಳು ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಆಗಾಗ ತುಟಿ ಆಡಿಸುತ್ತಿದ್ದಳು. ಏನೆಂದು ನಾನು ಕೇಳಲಿಲ್ಲ.

ಡಾಕ್ಟರು ಒಳ್ಳೆಯವರು, ಅವಸರ ಮಾಡಲಿಲ್ಲ. ಇವತ್ತು ಯಾವ ವಾರ, ಯಾವ ಬಸ್ಸಿನಲ್ಲಿ ಬಂದಿರಿ, ಬೆಳಿಗ್ಗೆ ಏನು ತಿಂದಿರಿ ಎಂದೆಲ್ಲ ಕೇಳಿದರು. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು. "ಬಾಯಿಪಾಠ ಇರುವುದು ಏನಾದರೂ ಹೇಳ್ತೀರಾ ಅಮ್ಮ? ಹಾಡು, ಶ್ಲೋಕ, ಏನಾದರೂ," ಅಂದರು.

"ನಂಬ್ರು ಏಳ್ಲಾ ಬುದ್ಧಿ?" ಅಂದಳು ದೊಡ್ಡವ್ವ.

ಕಣ್ಣು ಮುಚ್ಚಿಕೊಂಡು ಶುರು ಮಾಡಿದಳು. ಗೋಡೆಯ ಎಡ ತುದಿಯಿಂದ, ಮೇಲಿನಿಂದ ಕೆಳಕ್ಕೆ. ಮಡಕೆ, ಹತ್ತು ಅಂಕಿ. ದೊಡ್ಡ ಚಕ್ರ ಸಣ್ಣ ಚಕ್ರ, ಹತ್ತು ಅಂಕಿ. ಬಸ್ಸಿನಲ್ಲಿ ತುಟಿ ಆಡಿಸುತ್ತಿದ್ದದ್ದು ಇದನ್ನೇ. ಹೆಬ್ಬೆರಳು ಮಡಿಲಲ್ಲಿ ಕೀಪ್ಯಾಡ್ ಒತ್ತುತ್ತಿತ್ತು. ಡಾಕ್ಟರು ನಕ್ಕು ನನ್ನತ್ತ ತಿರುಗಿ, "ಇವು ಸರಿಯಾಗಿವೆಯಾ? ಎಲ್ಲಾದರೂ ಬರೆದಿಟ್ಟಿದ್ದೀರಾ?" ಎಂದು ಕೇಳಿದರು.

"ಗ್ವಾಡೆ ಮೇಲಿದ್ದೋ ಕಣಪ್ಪ, ಸುಣ್ಣ ಬಳ್ದ್‌ಬುಟ್ಟೆ. ಈಗ ಎಲ್ಲೂ ಇಲ್ಲ," ಅಂದಳು ಅವಳು.

ಇತ್ತು. ನನ್ನ ಫೋನಿನಿಂದ ಭಯಕ್ಕೆ ಅಳಿಸಿಹಾಕಿದ್ದೆ. ಆದರೆ ಯಾರೋ ಉಳಿಸಿಕೊಂಡು ಮತ್ತೆ ಹಾಕಿದ ಪ್ರತಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಮತ್ತೆ ಮತ್ತೆ ಹೋಗಿ ನೋಡುತ್ತಿದ್ದೆನಲ್ಲ. ಡಾಕ್ಟರ ಮೇಜಿನ ಎದುರು ಕೂತು ಆ ಪುಟ ತೆರೆದೆ. ಸೆರಗಿನಿಂದ ಒರೆಸಿ, ಇದ್ದಿಲಿನಿಂದ ತಿದ್ದಿ ಕೊಟ್ಟ ಗೋಡೆ, ಒಂದೊಂದು ಅಂಕಿಯೂ ಸ್ಪಷ್ಟ. ಅವಳು ಹೇಳುತ್ತಾ ಹೋದಳು, ನಾನು ಬೆರಳಿಟ್ಟು ನೋಡುತ್ತಾ ಹೋದೆ. ಹನ್ನೊಂದನೆಯದಕ್ಕೆ ಡಾಕ್ಟರು, "ಸಾಕಮ್ಮ, ನನಗೇ ನನ್ನ ಹೆಂಡತಿ ನಂಬರು ನೆನಪಿಲ್ಲ," ಎಂದು ನಿಲ್ಲಿಸಿದರು. ಹನ್ನೊಂದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ಹೊರಗೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಹೇಳಿದೆ. ಫೋಟೋ, ನಾನು ಬರೆದದ್ದು, ದೂರದೇಶದವರು ಆಟಕ್ಕೆ ಕೊಟ್ಟ ರಿಂಗು, ಎಲ್ಲ. ಸರ್ವರ್, ಮೊದಲ ಪುಟ ಅಂದರೆ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು. ಬೈಯುತ್ತಾಳೆಂದು ಕಾದೆ, ಬೈದರೆ ಸಾಕು ಅನ್ನಿಸಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು.

"ಅಂಗಾರೆ ನಂಗೇನೂ ಆಗಿಲ್ವಾ? ನಾ ಮರ್ತಿಲ್ವಾ?"

"ಇಲ್ಲ ದೊಡ್ಡವ್ವ."

"ಬೀಜ ಸರಿಯಾಗೇ ಇದ್ದೋ?"

"ಸರಿಯಾಗೇ ಇದ್ದೋ."

ಅವಳು ಅತ್ತಳು, ಆಮೇಲೆ ನಕ್ಕಳು. ಪಕ್ಕದಲ್ಲಿ ಹೂವಿನ ಕುಕ್ಕೆ ಇಟ್ಟುಕೊಂಡು ಕೂತಿದ್ದ ಗುರುತಿಲ್ಲದ ಹೆಂಗಸಿಗೆ, "ನಂಗೇನೂ ಆಗಿಲ್ವಂತೆ ಕಣವ್ವ, ಬುದ್ಧಿ ನೆಟ್ಟಗದಂತೆ," ಎಂದು ಹೇಳಿದಳು. ನನಗೆ ಇಡ್ಲಿ ತಿನ್ನಿಸಿದಳು, ಬೇಡವೆಂದರೂ ಬಿಡಲಿಲ್ಲ.

ಬಸ್ಸು ತೆರಕಣಾಂಬಿ ದಾಟಿದ ಮೇಲೆ ಅವಳು ಕಿಟಕಿಯಿಂದ ಈ ಕಡೆ ತಿರುಗಿದಳು.

"ಮಗ, ಅವತ್ತು ಅಂಗ್ಡೀಲಿ ನಾ ಕೇಳ್ದಾಗ ನಿಂಗೆ ಗೊತ್ತಿತ್ತಾ?"

ಹೌದು ಅಂದೆ. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ತೊಂಬೆಯ ಹತ್ತಿರ ಎಲ್ಲರನ್ನೂ ಸೇರಿಸಿ ನಾನೇ ಒಪ್ಪಿಕೊಂಡೆ. ಬೈದವರು ಕಡಿಮೆ. "ನಮ್ ಎತ್ಗಳ್ನ ಅಮೇರಿಕದವ್ರೂ ನೋಡುದ್ರಾ?" ಎಂದು ಜಗಳಗಂಟ ಅಣ್ಣತಮ್ಮಂದಿರು ಒಂದಾಗಿ ನಿಂತು ಕೇಳಿದರು. ಕಾಲು ನೋವಿನವರು ಅಂಗಡಿಗೆ ಹೋಗಿ ತಪ್ಪಾಯ್ತು ತಾಯಿ ಎಂದು ಬಂದರು. ಕೆಲವರು ಸಿಮ್ ಬದಲಾಯಿಸಿದರು, ಉಳಿದವರ ಫೋನುಗಳಿಗೆ ಹೊರದೇಶದ ಕರೆ ಬರದಂತೆ ಮಾಡಿಸಿಕೊಟ್ಟೆ. ದೊಡ್ಡವ್ವ ಫೋನನ್ನು ಅಕ್ಕಿಯಿಂದ ಹೊರತೆಗೆದಳು.

ಹದಿನೈದು ದಿನ ಬಿಟ್ಟು ಅಂಗಡಿಗೆ ಹೋದೆ. ಸುಣ್ಣದ ಮೇಲೆ ಇದ್ದಿಲಿನ ಹೊಸ ಸಾಲುಗಳು. ಮಡಕೆ, ಚಕ್ರ, ಹುಣಿಸೆಕಾಯಿ ಎಲ್ಲ ತಂತಮ್ಮ ಜಾಗದಲ್ಲಿದ್ದವು. ಎಣಿಸಿದೆ, ನಲವತ್ತು. ಮತ್ತೆ ಎಣಿಸಿದೆ. ಕನ್ನಡಕ ಇದ್ದ ಕಡೆ ಬರೀ ಸುಣ್ಣ.

"ನಂದು ಬರ್ದಿಲ್ವಲ್ಲ ದೊಡ್ಡವ್ವ," ಅಂದೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದಳು. "ನಿಂಗ್ಯಾಕ್ ಮಗ? ನೀ ಓದ್ದವ್ನು. ನಿಂಗೆ ಎಲ್ಲಾ ಮುಂಚೇನೇ ಗೊತ್ತಿರ್ತದಲ್ಲ."

ಈಗ ಅರಿಶಿನಕ್ಕೆ ನೀರು ಬಿಡಬೇಕಾದ ದಿನ ನಾನೇ ತೊಂಬೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಮೂರು ದೀಪ ಹತ್ತುತ್ತವೆ. ಎದುರು ಅಂಗಡಿಯಲ್ಲಿ ದೊಡ್ಡವ್ವ ಎಲೆಯಡಿಕೆ ಚೀಲ ಪಕ್ಕಕ್ಕಿಟ್ಟು ಫೋನ್ ತೆಗೆಯುತ್ತಾಳೆ. ಒಂದು ರಿಂಗು, ಕಟ್. ಒಂದು ರಿಂಗು, ಕಟ್. ಹೊಲಗಳಲ್ಲಿ ಒಬ್ಬೊಬ್ಬರಾಗಿ ಎದ್ದು ಮೋಟರ್ ಕಡೆ ನಡೆಯುವುದು ಕಾಣುತ್ತದೆ. ನಲವತ್ತೂ ಮುಗಿದ ಮೇಲೆ ಅವಳು ಫೋನನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಅಷ್ಟರವರೆಗೂ ನಾನು ನನ್ನ ಫೋನನ್ನು ಕೈಯಲ್ಲೇ ಹಿಡಿದು ನಿಂತಿರುತ್ತೇನೆ.